ಮಾಸ್ತಿಯವರಿಗೆ ಅಡ್ಡಹೆಸರು ಸಿಕ್ಕಿತು

ಕೋಲಾರದಲ್ಲಿ ಮಾಸ್ತಿಯವರ ಪುಸ್ತಕ ಸಿಗುವುದಿಲ್ಲ ಎಂದರೆ ತಿರುಪತಿಯಲ್ಲಿ ಲಡ್ಡು ಸಿಗುವುದಿಲ್ಲ ಎಂದ ಹಾಗೆ. ಆದರೂ ಕಳೆದ ವಾರ ನಾನು ಹೋಗುವ ಗ್ರಂಥಾಲಯದಲ್ಲಿ ‘ಚಿಕವೀರ ರಾಜೇಂದ್ರ’ ಕಾಣಲಿಲ್ಲ. ಕಿಟಕಿ ಪಕ್ಕದ ಬೀರುವಿನಲ್ಲಿ, ‘ಮ’ ಎಂದು ಬರೆದ ಚೀಟಿಯ ಕೆಳಗೆ ವರ್ಷಗಟ್ಟಲೆ ಕುಳಿತಿದ್ದ ಮಾಸ್ತಿಯವರು ಎದ್ದು ಹೋಗಿದ್ದರು.

“‘ಅ’ ನೋಡಿ ಮೇಷ್ಟ್ರೇ, ಅಯ್ಯಂಗಾರ್” ಎಂದ ಕೌಂಟರಿನ ಹುಡುಗ.

ಹೋಗಿ ನೋಡಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಇದ್ದರು. ಅವರ ಬಲಕ್ಕೆ ಗೊರೂರು ರಾಮಸ್ವಾಮಿ ಅಯ್ಯಂಗಾರ್, ಎಡಕ್ಕೆ ಯೋಗದ ಬಿ.ಕೆ.ಎಸ್. ಅಯ್ಯಂಗಾರ್. ಇತ್ತ ಕೊಡಗಿನ ಕೊನೆಯ ಅರಸ ರಾಜ್ಯ ಕಳೆದುಕೊಳ್ಳುತ್ತಿದ್ದರೆ ಅತ್ತ ಶೀರ್ಷಾಸನ ನಡೆದಿತ್ತು. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಕತೆಗಾರರೂ ನರಸಾಪುರದ ಬಳಿಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರುಗಳೂ ಒಂದೇ ಜಿಲ್ಲೆಯವರು ಎಂಬ ಹೆಮ್ಮೆ ನನಗೂ ಇದೆ. ಆ ಹೆಮ್ಮೆಯಿಂದಲೇ ಒಟ್ಟಿಗೆ ಕೂರಿಸಿದ್ದರೆ ಗೊರೂರರು ಹೇಮಾವತಿಯ ದಂಡೆ ಬಿಟ್ಟು ಇಲ್ಲಿಗೇಕೆ ಬರಬೇಕಿತ್ತು? ಸಾಲಿನ ತುದಿಯಲ್ಲಿ ಕೇಕು, ಬನ್ನು ಮಾಡುವ ಒಂದು ಪುಸ್ತಕವೂ ಇತ್ತು. ಅದನ್ನು ಬರೆದವರು ಅಯ್ಯಂಗಾರರಲ್ಲ. ಆದರೆ ಬೇಕರಿ ಎಂದ ಮೇಲೆ ಇನ್ನೆಲ್ಲಿ ಇಡುವುದು ಎಂದು ಇಟ್ಟವರಿಗೆ ಅನ್ನಿಸಿದ್ದರೆ ನಾನು ತಪ್ಪು ಹೇಳಲಾರೆ.

ವಿಷಯ ಇಷ್ಟು. ಹೊಸ ತಂತ್ರಾಂಶ ಬಂದಿದೆ. ಅದರಲ್ಲಿ ಲೇಖಕರ ಅಡ್ಡಹೆಸರು ಎಂಬ ಒಂದು ಜಾಗವಿದೆ, ಅದರ ಪಕ್ಕ ಒಂದು ಕೆಂಪು ನಕ್ಷತ್ರವಿದೆ. ನಕ್ಷತ್ರವಿದ್ದಲ್ಲಿ ಖಾಲಿ ಬಿಟ್ಟರೆ ಪುಸ್ತಕ ಒಳಗೆ ಹೋಗುವುದೇ ಇಲ್ಲ. ಜಾತಕದ ನಕ್ಷತ್ರ ಕೆಟ್ಟಿದ್ದರೆ ಶಾಂತಿ ಮಾಡಿಸಬಹುದು. ಇದಕ್ಕೆ ಆ ದಾರಿಯೂ ಇಲ್ಲ.

ನಮ್ಮ ಸೀಮೆಯಲ್ಲಿ ಮನುಷ್ಯನಿಗೆ ಊರಿರುತ್ತದೆ, ಅಪ್ಪನಿರುತ್ತಾನೆ. ಇಬ್ಬರೂ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ಕಾವಲು ನಿಲ್ಲುತ್ತಾರೆ. ಮನೆತನದ ಹೆಸರಿನ ಪಾಟೀಲ, ಕುಲಕರ್ಣಿ, ದೇಸಾಯಿಗಳೆಲ್ಲ ತುಂಗಭದ್ರೆಯ ಆಚೆಯವರು. ತೆಲುಗು ಮನೆಮಾತಿನವರಿಗೆ ಇಂಟಿಪೇರು ಇದೆ ನಿಜ, ಆದರೆ ಅದು ಹೆಸರಿಗಿಂತ ಮೊದಲೇ ಬಂದು ಒಂದಕ್ಷರಕ್ಕೆ ಕುಗ್ಗಿಬಿಡುತ್ತದೆ. ಇನ್ನು ಅಡ್ಡಹೆಸರು ಎಂದರೆ ನಮಗೆ ತಿಳಿದಿರುವುದು ಒಂದೇ: ಒಂದೇ ಬೀದಿಯಲ್ಲಿ ಮೂವರು ಮುನಿಯಪ್ಪಂದಿರು ಇರುವಾಗ ಒಬ್ಬನನ್ನು ಬೀಡಿ ಮುನಿಯಪ್ಪ, ಇನ್ನೊಬ್ಬನನ್ನು ರೇಡಿಯೋ ಮುನಿಯಪ್ಪ ಎನ್ನುವುದು. ಹೀಗಾಗಿ ಹೆಸರಿನ ಕೊನೆಯ ತುಂಡನ್ನು ಮುರಿದು ನಕ್ಷತ್ರಕ್ಕೆ ಅರ್ಪಿಸುವ ಪದ್ಧತಿ ಜಾರಿಗೆ ಬಂದಿದೆ.

ಈ ಮುರಿಯುವಿಕೆಯಲ್ಲಿ ಅತ್ಯಂತ ಅನ್ಯಾಯವಾದದ್ದು ಒಂದು ಅಪ್ಪ ಮಗನಿಗೆ. ನಮ್ಮ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರಲ್ಲಿ ‘ಡಿ’ ದೇವನಹಳ್ಳಿ, ‘ವಿ’ ತಂದೆ ವೆಂಕಟರಮಣಯ್ಯ. ಸ್ವಂತದ್ದೆಂದು ಉಳಿದದ್ದು ಗುಂಡಪ್ಪ. ಅವರ ಮಗ ಬಿ.ಜಿ.ಎಲ್. ಸ್ವಾಮಿ. ಅಲ್ಲಿರುವ ‘ಜಿ’ ಆ ಗುಂಡಪ್ಪನವರೇ. ಮಗ ಅಪ್ಪನನ್ನು ಹೆಸರಿನೊಳಗೇ ಹೊತ್ತು ತಿರುಗಿದರೂ ತಂತ್ರಾಂಶಕ್ಕೆ ನಂಟು ತಿಳಿಯಲಿಲ್ಲ. ಅಪ್ಪ ‘ಗ’ ಸಾಲಿಗೆ ಹೋದರು, ಮಗ ‘ಸ್ವಾಮಿ’ಗಳ ಸಾಲಿಗೆ. ವಿವೇಕಾನಂದರಿಗೆ ಸ್ವಾಮಿ ಎಂಬುದು ಮೊದಲೇ ಬರುವುದಾದರೂ ಪೀಠದ ಮರ್ಯಾದೆಗೆ ಅದನ್ನೇ ಅಡ್ಡಹೆಸರು ಮಾಡಿದ್ದಾರೆ. ಹೀಗೆ ವೇದಾಂತದ ನಡುವೆ ‘ಹಸುರು ಹೊನ್ನು’ ಬಂದು ಕುಳಿತಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ, ಗಿಡಮರಗಳ ಸುತ್ತಾಟದ ಪುಸ್ತಕ ಅದು. ನಮ್ಮ ಬೀದಿಯ ಹಿರಿಯರೊಬ್ಬರು ಪ್ರವಚನವೆಂದು ನಂಬಿ ಒಯ್ದು, ಒಂದೇ ವಾರದಲ್ಲಿ ಮುಗಿಸಿ, “ಇವರು ಯಾವ ಮಠದ ಸ್ವಾಮಿಗಳು? ನಗಿಸಿ ನಗಿಸಿ ಜ್ಞಾನ ಕೊಡುತ್ತಾರಲ್ಲ!” ಎಂದರು. ಮಠದ ಹೆಸರು ಸಸ್ಯಶಾಸ್ತ್ರ ವಿಭಾಗ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಎರಡನೆಯ ಸಂಪುಟ ಕೇಳುತ್ತಿದ್ದಾರೆ.

ಅಪ್ಪ ಮಗನನ್ನು ಬೇರೆ ಮಾಡಿದ ಯಂತ್ರವೇ ಸಂಬಂಧವಿಲ್ಲದವರನ್ನು ಅಣ್ಣತಮ್ಮಂದಿರನ್ನಾಗಿ ಮಾಡಿದೆ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ., ಅದೇ ಜಿಲ್ಲೆಯ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ.ಶ್ರೀ., ಇಬ್ಬರೂ ಈಗ ಶ್ರೀಕಂಠಯ್ಯ ಮನೆತನದವರು. ‘ಇಂಗ್ಲಿಷ್ ಗೀತೆಗಳು’ ದೊಡ್ಡವರ ಪಾಲು, ‘ಭಾರತೀಯ ಕಾವ್ಯಮೀಮಾಂಸೆ’ ಚಿಕ್ಕವರ ಪಾಲು. ಪುಣ್ಯಕ್ಕೆ ಆಸ್ತಿ ತಕರಾರು ಇಲ್ಲ.

ಹಳಬರ ಪಾಡು ಇನ್ನೊಂದು. ಪಂಪನಿಗೆ ಇರುವುದೇ ಒಂದು ಹೆಸರು, ನಕ್ಷತ್ರ ಕೇಳುವುದು ಎರಡು. ಆದ್ದರಿಂದ ಅವನು ಪಂಪ ಪಂಪ ಆಗಿದ್ದಾನೆ. ಮೊದಲ ಸಲ ಓದಿದಾಗ ಹಾರ್ಮೋನಿಯಂ ಪಾಠದ ಪುಸ್ತಕವೇನೋ ಅಂದುಕೊಂಡೆ. ಕುಮಾರವ್ಯಾಸನನ್ನು ಕಡಿದು ಹೆಸರು ಕುಮಾರ, ಅಡ್ಡಹೆಸರು ವ್ಯಾಸ ಎಂದು ಬರೆದು, ಸಂಸ್ಕೃತ ಮಹಾಭಾರತದ ವ್ಯಾಸರ ಪಕ್ಕ ಇಟ್ಟಿದ್ದಾರೆ. ಒಂದು ಮಾತು ಒಪ್ಪಿಕೊಳ್ಳಬೇಕು: ಗದುಗಿನ ನಾರಣಪ್ಪ ತನ್ನನ್ನು ವ್ಯಾಸರ ಮಗನೆಂದು ಕರೆದುಕೊಂಡದ್ದು ಬಹುಶಃ ಈ ತಂತ್ರಾಂಶ ಬರುತ್ತದೆಂದು ಗೊತ್ತಿದ್ದೇ.

ಕೌಂಟರಿನ ಹಿಂದೆ ಗೋಡೆಯ ಮೇಲೆ ಎಸ್.ಆರ್. ರಂಗನಾಥನ್ ಅವರ ಚಿತ್ರವಿದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸು ಎಂಬುದು. ‘ಎಸ್’ ಶಿಯಾಳಿ, ಊರು. ‘ಆರ್’ ರಾಮಾಮೃತ, ತಂದೆ. ಅಲ್ಲಿಗೆ ಮುಗಿಯಿತು. ಪಿತಾಮಹರೇ ಇವತ್ತು ಬಂದು ಸದಸ್ಯತ್ವ ಕೇಳಿದರೆ ನಕ್ಷತ್ರ ಅಡ್ಡ ಬೀಳುತ್ತದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಕಟ್ಟುವವನು ನಾನು. ಆ ಧೈರ್ಯದಲ್ಲಿ ಈ ಮಾತನ್ನು ಹುಡುಗನಿಗೆ ಹೇಳಿದೆ.

“ನಮ್ಮ ಕೈಯಲ್ಲಿ ಏನಿದೆ ಮೇಷ್ಟ್ರೇ” ಎಂದ. ಪಾಪ, ನಿಜ. ಅವನ ಗುರುತಿನ ಚೀಟಿಯಲ್ಲೂ ಅಡ್ಡಹೆಸರಿನ ಎದುರು ‘ಕೆ’ ಎಂದಷ್ಟೇ ಇತ್ತು.

ಬಂದದ್ದಕ್ಕೆ ಇರಲಿ ಎಂದು, ಕೋಲಾರದಲ್ಲೇ ಹುಟ್ಟಿದ ಅ.ನ.ಕೃ. ಅವರ ‘ಸಂಧ್ಯಾರಾಗ’ ಕೇಳಿದೆ. ಹುಡುಗ ಪರದೆ ನನ್ನ ಕಡೆ ತಿರುಗಿಸಿದ. ರಾವ್, ಎ.ಎನ್. ಎಂದಿತ್ತು. ಎ.ಎನ್. ಕೃಷ್ಣರಾವ್, ಎ.ಎನ್. ಮೂರ್ತಿರಾವ್ ಇಬ್ಬರೂ ನಡುವಿನ ಹೆಸರು ಕಳೆದುಕೊಂಡು ಒಬ್ಬರೇ ಆಗಿದ್ದರು. ಮರಣದ ವರ್ಷ ಅ.ನ.ಕೃ. ಅವರದು, 1971. ಕೃತಿಗಳ ಪಟ್ಟಿಯ ಕೊನೆಯಲ್ಲಿ, ದೇವರಿಲ್ಲ ಎಂದು ವಾದಿಸುವ ಮೂರ್ತಿರಾಯರ ‘ದೇವರು’, 1991.

“ಸತ್ತು ಇಪ್ಪತ್ತು ವರ್ಷದ ಮೇಲೆ ಬರೆದಿದ್ದಾರೆಯೇ ಮೇಷ್ಟ್ರೇ?” ಎಂದು ಹುಡುಗ ಕಣ್ಣರಳಿಸಿದ.

“ಹೋಗಿ ನೋಡಿಕೊಂಡು ಬಂದೇ ಬರೆದಿದ್ದಾರಪ್ಪ” ಎಂದೆ.