ಸತ್ಯಾಂಶ: ಪಾಟೀಲರೆಲ್ಲ ಒಂದೇ ವಂಶದವರೇ?

"ಪಾಟೀಲ ಅಡ್ಡಹೆಸರಿನವರೆಲ್ಲ ಒಂದೇ ರಾಜಮನೆತನದಿಂದ ಹರಡಿದವರು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಪಾಟೀಲಕಿ ಹಿಂದೆ ಊರಿನ ಹುದ್ದೆಯಾಗಿತ್ತು. ಕಂದಾಯ ವಸೂಲಿ, ಊರಿನ ಬಂದೋಬಸ್ತು ಪಾಟೀಲನದು. ಲೆಕ್ಕ ಬರೆಯುವುದು ಕುಲಕರ್ಣಿಯದು. ತಂದೆಯಿಂದ ಮಗನಿಗೆ ಬರುತ್ತಾ ಹುದ್ದೆಯೇ ಅಡ್ಡಹೆಸರಾಯಿತು. ಹಾಗಾಗಿಯೇ ಲಿಂಗಾಯತ, ಜೈನ, ಮರಾಠ, ಮುಸ್ಲಿಂ ಪಾಟೀಲರೂ ಇದ್ದಾರೆ. ಹೈದರಾಬಾದ್ ಸೀಮೆಯಲ್ಲಿ ಕಂದಾಯ ನೋಡಿದವರು ಮಾಲಿಪಾಟೀಲ, ಬಂದೋಬಸ್ತು ನೋಡಿದವರು ಪೊಲೀಸಪಾಟೀಲ. (ಈ 'ಮಾಲಿ'ಗೂ ತೋಟಕ್ಕೂ ಸಂಬಂಧವಿಲ್ಲ.) ಕರ್ನಾಟಕದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯ ಹುದ್ದೆ ಹೋಯಿತು, ಹೆಸರು ಉಳಿಯಿತು.

ಮನೆತನದ ಜಾಡು ಹಿಡಿಯಬೇಕೆಂದರೆ ಅಡ್ಡಹೆಸರು ಬಿಟ್ಟು ಊರಿನಿಂದ ಶುರುಮಾಡಿ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಕೊಟ್ಟು ಕೈಬರಹದ ಪಹಣಿ, ವತನ ಜಮೀನಿನ (ಹುದ್ದೆಗೆ ಪ್ರತಿಯಾಗಿ ಸಿಕ್ಕ ಜಮೀನು) ದಾಖಲೆ ಕೇಳಿ. ಹಳೆಯವು ಮೋಡಿ ಲಿಪಿಯಲ್ಲೋ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ) ಉರ್ದುವಿನಲ್ಲೋ ಇರಬಹುದು, ಓದಬಲ್ಲವರನ್ನು ಕರೆದೊಯ್ಯಿರಿ. 'ಪಾಟೀಲ' ಎಂದಷ್ಟೇ ಹುಡುಕಿದರೆ ಕೈತಪ್ಪುತ್ತದೆ, ಎಷ್ಟೋ ಕಡೆ ಬರೀ 'ಲಿಂಗನಗೌಡ ಬಿನ್ ಬಸನಗೌಡ' ಎಂದಿರುತ್ತದೆ. ಜಾಡು ಹೆಚ್ಚಾಗಿ ತಪ್ಪುವುದು ದತ್ತಕದಲ್ಲಿ: ದತ್ತು ಹೋದವನ ತಂದೆಯ ಹೆಸರೇ ಬದಲಾಗುತ್ತದೆ. ಅಂಥಲ್ಲಿ ದತ್ತಕ ಪತ್ರ, ವಾರಸಾ ನೋಂದಣಿ ಎರಡನ್ನೂ ತಾಳೆ ನೋಡಿ.