ಒಂದು ಜೊತೆ ಡಬಲ್ ಕೋಟ್

ಇವತ್ತು ಬೆಳಿಗ್ಗೆ ನಮ್ಮ ಟೀಮಿನ ಹುಡುಗನೊಬ್ಬ ಬರೆದ ಸ್ಕ್ರಿಪ್ಟ್ ನೋಡುತ್ತಿದ್ದೆ. ಹಳೇ ಬ್ಯಾಕಪ್ ಅಳಿಸುವ ಶೆಲ್ ಸ್ಕ್ರಿಪ್ಟ್, ಅಂದರೆ ಲಿನಕ್ಸ್‌ನಲ್ಲಿ ಶೆಲ್ ಅನ್ನುವ ಪ್ರೋಗ್ರಾಂ ಸಾಲು ಸಾಲಾಗಿ ಓದಿ ನಡೆಸುವ ಕಮಾಂಡ್‌ಗಳ ಪಟ್ಟಿ. ಎದೆ ಧಸಕ್ ಅಂತು.

ಫೋಲ್ಡರಿನ ಹೆಸರು ಒಂದು ವೇರಿಯಬಲ್‌ನಲ್ಲಿದೆ. ಅದು ಖಾಲಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಅಳಿಸಬೇಕು. ಹುಡುಗ ಇಫ್ ಹಾಕಿದ್ದಾನೆ, ಚೌಕ ಬ್ರ್ಯಾಕೆಟ್ ಇದೆ, 'ಖಾಲಿ ಇಲ್ಲವಾ' ಅಂತ ಕೇಳುವ ಮೈನಸ್ ಎನ್ ಇದೆ, ವೇರಿಯಬಲ್ ಮುಂದೆ ಡಾಲರ್ ಚಿಹ್ನೆ ಇದೆ. ಅದರ ಸುತ್ತ ಡಬಲ್ ಕೋಟ್ ಮಾತ್ರ ಇಲ್ಲ.

ಕೋಟ್ ಇಲ್ಲದಿದ್ದರೆ ಖಾಲಿ ವೇರಿಯಬಲ್ ಆ ಸಾಲಿನಿಂದಲೇ ಮಾಯ. ಬ್ರ್ಯಾಕೆಟ್ ಒಳಗೆ ಮೈನಸ್ ಎನ್ ಒಂದೇ ಉಳಿಯುತ್ತೆ. ಒಂದೇ ಪದ ಉಳಿದರೆ ಶೆಲ್ ಅದನ್ನು ಬರೀ ಅಕ್ಷರ ಅಂತ ಓದುತ್ತೆ, ಅಕ್ಷರ ಇದೆಯಲ್ಲ, ಸರಿ, ನಿಜ ಅಂತ ಮುಂದೆ ಹೋಗುತ್ತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮುಂದಿನ ಸಾಲಿನಲ್ಲಿ ಕೇಳದೇ ಅಳಿಸಿಬಿಡುವ ಕಮಾಂಡ್ ಆರ್‌ಎಂ ಮೈನಸ್ ಆರ್‌ಎಫ್, ಆ ವೇರಿಯಬಲ್, ಸ್ಲ್ಯಾಶ್, ಸ್ಟಾರ್. ವೇರಿಯಬಲ್ ಹೋದರೆ ಸ್ಲ್ಯಾಶ್ ಸ್ಟಾರ್ ಅಷ್ಟೇ, ಅಂದರೆ ಇಡೀ ಮಷೀನು! ಬರೀ ಸ್ಲ್ಯಾಶ್ ಕೊಟ್ಟರೆ ಲಿನಕ್ಸ್‌ನ ಆರ್‌ಎಂ ತಡೆಯುತ್ತೆ. ಸ್ಲ್ಯಾಶ್ ಸ್ಟಾರ್ ಕೊಟ್ಟರೆ ತಡೆಯುವುದಿಲ್ಲ.

ಎಲ್ಲರೂ ಜಾವಾ, ಸಿ ಕಲಿತು ಬಂದು ಶೆಲ್‌ನ ಇಫ್ ಕೂಡ ಹಾಗೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಶೆಲ್‌ನ ಇಫ್ ಕೇಳುವುದು ಒಂದೇ ಪ್ರಶ್ನೆ: ಈ ಕಮಾಂಡ್ ಸೊನ್ನೆ ಕೊಟ್ಟು, ಅಂದರೆ ಸರಿಯಾಗಿ, ಮುಗಿಯಿತಾ? ಆ ಚೌಕ ಬ್ರ್ಯಾಕೆಟ್ ಇದೆಯಲ್ಲ, ಅದೇ ಒಂದು ಕಮಾಂಡ್. ಯುಎಸ್‌ಆರ್ ಬಿನ್ ಫೋಲ್ಡರ್ ಒಳಗೆ ಹುಡುಕಿ, ಆ ಹೆಸರಿನ ಫೈಲೇ ಸಿಗುತ್ತೆ. ಅದಕ್ಕೇ ಪಕ್ಕದಲ್ಲಿ ಸ್ಪೇಸ್ ಬೇಕು. ಅದಕ್ಕೇ ಅದರೊಳಗೆ '> 5' ಅಂತ ಬರೆದರೆ ಹೋಲಿಕೆ ನಡೆಯುವುದಿಲ್ಲ, 5 ಅನ್ನುವ ಹೆಸರಿನ ಫೈಲ್ ಹುಟ್ಟುತ್ತೆ. ಅಲ್ಲಿ 'ಹೆಚ್ಚು' ಅನ್ನಲು ಮೈನಸ್ ಜಿಟಿ ಬೇಕು. 1979ರಲ್ಲಿ ಯುನಿಕ್ಸ್ 7ನೇ ಆವೃತ್ತಿಯ ಜೊತೆ ಬಂದ ಬೋರ್ನ್ ಶೆಲ್‌ನ ಭಾಷೆ ಇದು. ಇಫ್ ತಿರುಗಿಸಿ ಫಿ ಅಂತ ಮುಗಿಸುವುದು ಆಲ್ಗಾಲ್ 68ರಿಂದ ಬಂದ ಪದ್ಧತಿ. ಅದರದ್ದೇ ರೀತಿ ಇದೆ, ಅದನ್ನು ಕಲಿಯಬೇಕು ಅಲ್ವಾ?

"ಬ್ಯಾಷ್‌ನ ಎರಡು ಬ್ರ್ಯಾಕೆಟ್ ಬಳಸಿದರೆ ಕೋಟ್ ಬೇಡವಲ್ಲ ಸರ್" ಅಂತ ಒಬ್ಬರು ಹೇಳಿದರು. ಬ್ಯಾಷ್ ಇನ್ನೊಂದು ಶೆಲ್. ನಿಜ, ಅದರಲ್ಲಿ ಬೇಡ. ಆದರೆ ಈ ಸ್ಕ್ರಿಪ್ಟಿನ ಮೊದಲ ಸಾಲು ಬಿನ್ ಎಸ್‌ಎಚ್, ಅಂದರೆ ಎಸ್‌ಎಚ್ ಅನ್ನುವ ಶೆಲ್‌ನಲ್ಲಿ ಓಡಿಸು ಅಂತ, ಓಡುವುದು ಉಬುಂಟು ಲಿನಕ್ಸ್‌ನಲ್ಲಿ. ಅಲ್ಲಿ 2006ರಿಂದ ಎಸ್‌ಎಚ್ ಅಂದರೆ ಡ್ಯಾಶ್ ಅನ್ನುವ ಬೇರೆ ಶೆಲ್, ಅದಕ್ಕೆ ಎರಡು ಬ್ರ್ಯಾಕೆಟ್ ಗೊತ್ತೇ ಇಲ್ಲ. ಶೆಲ್‌ಚೆಕ್ ಅಂತ ಪುಕ್ಕಟೆ ಸಿಗುವ ಸಾಧನ ಇದೇ ತಪ್ಪನ್ನು ಕ್ಷಣದಲ್ಲಿ ಹಿಡಿಯುತ್ತೆ. ಅದನ್ನಾದರೂ ಓಡಿಸಬಹುದಿತ್ತು.

ಇಷ್ಟು ಸಿಟ್ಟು ಯಾಕೆ ಅಂದರೆ, ಮೊದಲ ಕೆಲಸದಲ್ಲಿ ನಾನೂ ಇದೇ ಸಾಲು ಬರೆದಿದ್ದೆ. ಮೂರು ದಿನದ ಲಾಗ್ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ. ನನಗೆ ಯಾರೂ ಬೈಯಲಿಲ್ಲ, ಯಾಕೆ ಹಾಗಾಯಿತು ಅಂತ ಕೂರಿಸಿ ಹೇಳಿಕೊಡಲೂ ಇಲ್ಲ. ಅದೇ ಜಾಸ್ತಿ ನೋವು.

ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಆರ್‌ಎಂ ತೆಗೆದು, ಬರೀ ಪರದೆ ಮೇಲೆ ತೋರಿಸುವ ಎಕೋ ಹಾಕಿ, ವೇರಿಯಬಲ್ ಖಾಲಿ ಮಾಡಿ ಓಡಿಸು ಅಂದೆ. ಬಿನ್, ಬೂಟ್, ಇಟಿಸಿ, ಹೋಮ್ ಅಂತ ಇಡೀ ಮಷೀನು ಒಂದೇ ಸಾಲಿನಲ್ಲಿ ಬಂತು. ಅವನು ಸುಮ್ನೆ ನೋಡುತ್ತಾ ಕೂತ. ಆಮೇಲೆ ಎರಡೂ ಕಡೆ ಕೋಟ್ ಹಾಕಿ ಮತ್ತೆ ಎಂಟರ್ ಒತ್ತಿದ. ಪರದೆ ಮೇಲೆ ಏನೂ ಬರಲಿಲ್ಲ.