ಹೊರದೇಶದಿಂದ ಬರುವ ಅಗ್ಗದ ಮರದ ತಿರುಳಿಗೆ ಸುಂಕ ಬೇಕೇ?

ಪರ: ಮರ ಬೆಳೆದವರೂ ಉಳಿಯಬೇಕು

ನಮ್ಮಪ್ಪ ಎರಡು ಎಕರೆ ಒಣ ಹೊಲದಲ್ಲಿ ನೀಲಗಿರಿ ಹಾಕಿದ್ದರು. ಬಟ್ಟೆಯ ನಾರಿಗಾಗಿ ಮರದಿಂದ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಮರ ಬೇಕೇ ಬೇಕು ಅನ್ನೋ ಧೈರ್ಯ. ಆರು ವರ್ಷ ಕಾದೆವು. ಅಕ್ಕನ ಮದುವೆ ಗೊತ್ತಾದಾಗ ಕಡಿಸೋಣ ಅಂದರೆ ಗುತ್ತಿಗೆದಾರ, ‘ಹೊರಗಿನ ತಿರುಳು ಅಗ್ಗವಾಗಿದೆ, ಈಗ ಮರ ಬೇಡ’ ಎಂದು ಎರಡು ಸಲ ಮುಂದೂಡಿದ. ಕೊನೆಗೆ ಅಪ್ಪ ಸೌದೆ ರೇಟಿಗೆ ಕೊಟ್ಟರು. ಲಾರಿ ಹೋದ ಮೇಲೂ ಬದುವಿನ ಮೇಲೆ ಕೂತೇ ಇದ್ದರು.

ಇಂಥ ಆಮದಿನ ಮೇಲೆ ಸುಂಕ ಹಾಕಲು ಡಂಪಿಂಗ್ ಅಥವಾ ಸಬ್ಸಿಡಿ ನಡೆದಿದೆಯೇ ಎಂದು ನೋಡುತ್ತಾರೆ. ಡಂಪಿಂಗ್ ಅಂದರೆ ಸುಮ್ನೆ ಅಗ್ಗಕ್ಕೆ ಮಾರುವುದಲ್ಲ. ತನ್ನ ದೇಶದ ಬೆಲೆಗಿಂತಲೂ ಕಡಿಮೆಗೆ ಇನ್ನೊಂದು ದೇಶಕ್ಕೆ ತಂದು ಸುರಿಯುವುದು. ಸಬ್ಸಿಡಿ ತನಿಖೆಯಲ್ಲಿ ಅಲ್ಲಿನ ಸರ್ಕಾರ ಕೊಟ್ಟ ನೆರವಿನ ಲೆಕ್ಕ ತೆಗೆಯುತ್ತಾರೆ. ಎರಡರಲ್ಲೂ ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿದ್ದದ್ದನ್ನು ತೋರಿಸಬೇಕು. ನಮ್ಮಲ್ಲಂತೂ ಡಂಪಿಂಗ್ ಎಷ್ಟು, ಪೆಟ್ಟು ಎಷ್ಟು ಎಂದು ಅಳೆದು, ಯಾವುದು ಕಡಿಮೆಯೋ ಅಷ್ಟೇ ಸುಂಕ ಹಾಕುತ್ತಾರೆ. ಇದಕ್ಕಿಂತ ನ್ಯಾಯ ಇನ್ನೇನು ಬೇಕು?

ಬಟ್ಟೆ ದುಬಾರಿಯಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಅವರಿಗೆ ಅಂಗಡಿ ಕಾಣುತ್ತದೆ, ಹೊಲ ಕಾಣುವುದಿಲ್ಲ. ಬೆಲೆ ಬರಲಿ ಎಂದು ಮರವನ್ನು ಇನ್ನೂ ನಾಲ್ಕು ವರ್ಷ ನಿಲ್ಲಿಸೋಕೆ ಮನೆಯ ಖರ್ಚು ಬಿಡುತ್ತದೆಯೇ? ಅಪ್ಪನ ಮುಖ ನೋಡಿದ್ದರೆ ಯಾರೂ ಸುಂಕ ಬೇಡ ಅನ್ನುತ್ತಿರಲಿಲ್ಲ.

ವಿರೋಧ: ಪೆಟ್ಟು ಯಾರಿಂದ ಬಿತ್ತು?

ಈ ಕಡೆ ಬರೆಯಿರಿ ಎಂದು ಕೇಳಿದರು, ಬರೆಯುತ್ತಿದ್ದೇನೆ. ಸುಂಕವೇ ಬೇಡ ಅನ್ನುವವನು ನಾನಲ್ಲ. ಆದರೆ ಚೀನಾದ ಪ್ರಕರಣ ನೋಡಿ. 2014ರಲ್ಲಿ ಅದು ಅಮೆರಿಕ, ಕೆನಡಾ, ಬ್ರೆಜಿಲ್‌ಗಳ ತಿರುಳಿಗೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿತು. ಕೆನಡಾ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2017ರಲ್ಲಿ ಅಲ್ಲಿನ ಸಮಿತಿ ಚೀನಾದ ತನಿಖೆಯಲ್ಲಿ ತಪ್ಪು ಕಂಡಿತು. ಚೀನಾದ ಕಾರ್ಖಾನೆಗಳೇ ಜಾಸ್ತಿ ಬೆಳೆದುಬಿಟ್ಟಿದ್ದವು. ಹತ್ತಿ ಮತ್ತು ತಿರುಳಿನಿಂದ ಮಾಡುವ ವಿಸ್ಕೋಸ್ ನಾರಿನ ಬೆಲೆಯೂ ಬದಲಾಗಿತ್ತು. ಇವುಗಳಿಂದಾದ ನಷ್ಟ ಎಷ್ಟು, ಆಮದಿನಿಂದಾದ ನಷ್ಟ ಎಷ್ಟು ಎಂದು ಸರಿಯಾಗಿ ಬಿಡಿಸಿ ನೋಡಿರಲಿಲ್ಲ.

ನಮ್ಮಲ್ಲೂ ಚೀನಾ, ಇಂಡೋನೇಷ್ಯಾದ ವಿಸ್ಕೋಸ್ ನಾರಿನ ಮೇಲೆ 2010ರಿಂದ ಇಂಥ ಸುಂಕ ಇತ್ತು. ನೂಲಿನ ಗಿರಣಿಗಳಿಗೆ ಅದು ಹೊರೆಯಾಗಿತ್ತು. 2021ರಲ್ಲಿ ಕೇಂದ್ರ ಅದನ್ನು ತೆಗೆಯಿತು.

ಇನ್ನೊಂದು ಮಾತು. 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸಾಮೂಹಿಕ ಭೂಮಿಯ ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಆ ಜಾಗ ತಿರುಳಿನ ಮರಕ್ಕೆ ಹೋಗಿತ್ತು. ಸುಂಕದಿಂದ ಇಲ್ಲಿನ ಮರಕ್ಕೆ ಬೇಡಿಕೆ ಏರಿದರೆ ಮತ್ತೆ ದನ ಮೇಯುವ ಜಾಗದ ಮೇಲೇ ಕಣ್ಣು ಬೀಳುತ್ತದೆ ಎಂಬ ಭಯ ನನಗಿದೆ.